ಮಾವನವರ ಮೇಲಿನ ಹುಲ್ಲು

ನಲವತ್ತು ವರ್ಷ ಈ ಬರ್ರಂಗಿಲ್ ಊರಿಗೆ ನೆಲಹಾಸು ಹಾಸಿದವನು ನಾನು. ಪಾದ್ರಿಗಳ ಮನೆಯ ಕೆಂಪು ಕಾರ್ಪೆಟ್ಟು ನನ್ನದು. ಪುರಸಭೆಯ ಮೆಟ್ಟಿಲ ಮೇಲಿನ ನೀಲಿಯದು ನನ್ನದು. ಶವಸಂಸ್ಕಾರ ಮಾಡಿಸುವವರ ಕಚೇರಿಯಲ್ಲಿ, ಅಳುವವರ ಕಾಲಸಪ್ಪಳ ಕೇಳಿಸದ ಹಾಗೆ ಹಾಸಿದ ಬೂದುಬಣ್ಣದ್ದೂ ನನ್ನದೇ. ನೆಲ ಎಷ್ಟೇ ಡೊಂಕಿರಲಿ, ಮೂಲೆ ಎಷ್ಟೇ ಇಕ್ಕಟ್ಟಿರಲಿ, ನೆವಿಲ್ ಬಂದು ಮೊಣಕಾಲೂರಿದ ಎಂದರೆ ಮುಚ್ಚಿಯೇ ಏಳುತ್ತಾನೆ ಎಂದು ಊರಿನವರು ಹೇಳುತ್ತಿದ್ದರು. ಅಂಥ ನನ್ನ ಕೈಯಲ್ಲಿ, ನಮ್ಮದೇ ಹಿತ್ತಲಿನ ಓಕ್ ಮರದ ಕೆಳಗೆ, ಒಂದು ಜಮಖಾನದಗಲದ ಜಾಗಕ್ಕೆ ಹಸಿರು ಹೊದಿಸಲು ಆಗಲಿಲ್ಲ ಎಂದರೆ ನೀವು ನಗುತ್ತೀರಿ. ನಗಿ, ಬೇಡ ಅನ್ನುವುದಿಲ್ಲ. ಆದರೆ ಸ್ವಲ್ಪ ಮೆಲ್ಲಗೆ. ಆ ಜಾಗದಲ್ಲಿ ನಮ್ಮ ಮಾವನವರಿದ್ದಾರೆ.

ಮಾವ ಕ್ಲಾರಿ ನಮ್ಮೂರ ಬೌಲ್ಸ್ ಕ್ಲಬ್ಬಿನ ಹುಲ್ಲು ನೋಡಿಕೊಳ್ಳುತ್ತಿದ್ದವರು. ಬಿಳಿ ಬಟ್ಟೆ, ಬಿಳಿ ಟೋಪಿಯ ಹಿರಿಯರು ಚೆಂಡು ಉರುಳಿಸಿ ಆಡುವ ಆ ಹುಲ್ಲುಹಾಸನ್ನು ನಾವು ಗ್ರೀನ್ ಅನ್ನುತ್ತೇವೆ. ಮಾವನವರು ಅದರ ಮೇಲೆ ಕಾಲಿಡುವಾಗ, ಮಲಗಿದ ಮಗುವನ್ನು ದಾಟುವವರ ಹಾಗೆ ಇಡುತ್ತಿದ್ದರು. ಅವರು ತೀರಿಕೊಂಡಾಗ ಕ್ಲಬ್ಬಿನವರೆಲ್ಲ ಅವರ ಬೂದಿಯನ್ನು ಗ್ರೀನ್ ಮೇಲೆ ಚೆಲ್ಲಬೇಕೆಂದು ಕಣ್ಣೊರೆಸಿಕೊಂಡು ಬಂದರು. ಆದರೆ ಮಾವನವರು ಮೊದಲೇ ಖಡಾಖಂಡಿತವಾಗಿ ಹೇಳಿಟ್ಟಿದ್ದರು: "ಬೂದಿ ಬಿದ್ದರೆ ಹುಲ್ಲು ಸುಟ್ಟು ಹೋಗುತ್ತೆ. ಎಷ್ಟೋ ಮನೆಯವರು ಕದ್ದು ಬಂದು ತಮ್ಮ ಮುದುಕರನ್ನ ಸುರಿದು ಹೋಗಿ ನನ್ನ ಪ್ರಾಣ ತಿಂದಿದಾರೆ. ಆ ಪಾಪದ ಕೆಲಸ ನಾನು ಮಾಡಲ್ಲ. ನನ್ನ ಮಗಳ ಮನೆ ಓಕ್ ಮರದ ಕೆಳಗೆ ಹಾಕಿ. ಅಳಿಯನ ಹಿತ್ತಲಲ್ಲಿ ಹೇಗೂ ಏನೂ ಬೆಳೆಯಲ್ಲ."

(ಸತ್ತ ಮೇಲೂ ಅಳಿಯನಿಗೊಂದು ಏಟು ಕೊಡುವ ಭಾಗ್ಯ ಎಲ್ಲ ಮಾವಂದಿರಿಗೂ ಸಿಗುವುದಿಲ್ಲ.)

ಹಾಗೇ ಮಾಡಿದೆವು. ಮಾವನವರ ಭವಿಷ್ಯವಾಣಿ ನಿಜವಾಯಿತು. ಏನೂ ಬೆಳೆಯಲಿಲ್ಲ.

ಅತ್ತೆ ಥೆಲ್ಮಾ ಪಕ್ಕದ ಬೀದಿಯ ಪುಟ್ಟ ಮನೆಯಲ್ಲಿ ಒಬ್ಬರೇ ಇದ್ದರು. ಭಾನುವಾರ ಮಧ್ಯಾಹ್ನದ ಊಟ ನಮ್ಮಲ್ಲಿ. ಆ ಭಾನುವಾರವೂ ಸುಟ್ಟ ಕುರಿಮಾಂಸ, ಕುಂಬಳಕಾಯಿ, ಪುದೀನದ ಗೊಜ್ಜು ಎಲ್ಲ ಮೇಜಿನ ಮೇಲಿತ್ತು. ಅತ್ತೆ ಮಾತ್ರ ಚಮಚ ಹಿಡಿದು ಕಿಟಕಿಯಾಚೆ ನೋಡುತ್ತಿದ್ದರು.

"ಗ್ಲೆನಿಸ್," ಎಂದರು ನನ್ನ ಹೆಂಡತಿಗೆ, "ನಿಮ್ಮಪ್ಪ ಮಣ್ಣಲ್ಲಿ ಬಿದ್ದಿದಾನೆ ನೋಡೇ."

"ಎಲ್ಲರೂ ಕೊನೆಗೆ ಮಣ್ಣಿಗೇ ತಾನೆ ಅತ್ತೆ ಹೋಗೋದು," ಎಂದೆ ನಾನು, ವೇದಾಂತದ ಧಾಟಿಯಲ್ಲಿ.

"ಇವನಿಗೆ ಹೇಳು, ಎಲ್ಲರೂ ಮಣ್ಣಿನ ಕೆಳಗೆ ಇರ್ತಾರೆ. ನಿಮ್ಮಪ್ಪ ಒಬ್ಬನೇ ಮೇಲೆ ಇರೋದು. ಮೂವತ್ತು ವರ್ಷ ಊರಿಗೆಲ್ಲ ಹುಲ್ಲು ಹೊದಿಸಿದವನ ಮೇಲೆ ಒಂದು ಎಳೆ ಹಸಿರಿಲ್ಲ. ಕೋಳಿ ಕೆದಕೋ ನೆಲ ಇದ್ದ ಹಾಗಿದೆ."

ಅತ್ತೆ ಚಮಚ ಕೆಳಗಿಟ್ಟರು. "ಡಾಕ್ಟರು ಮೊನ್ನೆ ನನ್ನ ಎದೆಗೆ ಕೊಳವೆ ಇಟ್ಟು ತುಂಬಾ ಹೊತ್ತು ಕೇಳಿದ್ರು. ಒಳ್ಳೇ ಸುದ್ದಿಗೆ ಅಷ್ಟು ಹೊತ್ತು ಬೇಕಾಗಲ್ಲ. ಹೋಗೋದಕ್ಕೆ ನನಗೇನೂ ಬೇಜಾರಿಲ್ಲ ಕಣೆ. ಅವನ ಮೇಲೆ ಒಂದು ಹೊದಿಕೆ ಹುಲ್ಲು ನೋಡಿ ಹೋದ್ರೆ ಸಾಕು. ಆಮೇಲೆ ನನ್ನನ್ನೂ ಅಲ್ಲೇ ಹಾಕಿ."

ಗ್ಲೆನಿಸ್ ಪುದೀನದ ಗೊಜ್ಜು ತರುತ್ತೇನೆಂದು ಎದ್ದು ಅಡುಗೆಮನೆಗೆ ಹೋದಳು. ಗೊಜ್ಜು ಮೇಜಿನ ಮೇಲೇ ಇತ್ತು. ಒಳಗಿಂದ ಮೂಗು ಸೀಟುವ ಸದ್ದು ಕೇಳಿಸಿತು. ನನಗೆ ತಡೆಯಲಾಗಲಿಲ್ಲ. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತು, ಪುರಸಭೆಯ ಮೆಟ್ಟಿಲ ಗುತ್ತಿಗೆ ಸಿಕ್ಕಿದ ದಿನದ ಗಾಂಭೀರ್ಯದಿಂದ ಘೋಷಿಸಿದೆ: "ಸೆಪ್ಟೆಂಬರಿನಲ್ಲಿ, ಮಾವನವರು ಹೋದ ದಿನಕ್ಕೆ, ಅಲ್ಲಿ ಹುಲ್ಲು ಇರುತ್ತೆ. ಇದು ನನ್ನ ಮಾತು."

"ಗ್ಲೆನಿಸ್," ಎಂದರು ಅತ್ತೆ, "ಇವನಿಗೆ ಕೂತ್ಕೊಳ್ಳೋಕೆ ಹೇಳು. ಗ್ರೇವಿ ತಣ್ಣಗಾಗ್ತಿದೆ."

ಆಗ ಮಾರ್ಚ್ ತಿಂಗಳು. ಭೂಮಿಯ ಈ ದಕ್ಷಿಣ ತುದಿಯ ನಮ್ಮ ಕಡೆ ಅದು ಬಿಸಿಲು ಇಳಿದು ಎಲೆ ಹಳದಿಯಾಗುವ ಕಾಲ, ಬೀಜ ಬಿತ್ತಲು ಹೇಳಿ ಮಾಡಿಸಿದ ಕಾಲ. ಅತ್ತೆಯನ್ನು ಮನೆಗೆ ಬಿಟ್ಟು ಬಂದ ಮೇಲೆ ಗ್ಲೆನಿಸ್ ಪಾತ್ರೆ ಒರೆಸುತ್ತಾ ಹೇಳಿದಳು, "ಯಾವ ಹುಲ್ಲು ಅಂತ ಅಮ್ಮನ್ನೇ ಕೇಳು. ಅಪ್ಪನ ಪಕ್ಕ ಕೂತು ಕೂತು ಅವಳಿಗೂ ಎಲ್ಲಾ ಗೊತ್ತು."

"ಕೇಳಿಬಿಟ್ರೆ ಅದರಲ್ಲಿ ನನ್ನದೇನು ಹೆಚ್ಚುಗಾರಿಕೆ?"

"ಓಹೋ! ಹುಲ್ಲು ಅಪ್ಪನಿಗೋ, ನಿನ್ನ ಹೆಚ್ಚುಗಾರಿಕೆಗೋ?"

"ಎರಡಕ್ಕೂ."

"ಎರಡಕ್ಕೂ ಆಗೋಷ್ಟು ಬೆಳೆಯಲ್ಲ ಅಲ್ಲಿ," ಎಂದು ತಟ್ಟೆ ಕುಕ್ಕಿದಳು. ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆ ಮಾಡಿದವನಿಗೆ ನನ್ನಂಥ ಅಳಿಯನೊಬ್ಬ ಇದ್ದಿರಬೇಕು.

ಶನಿವಾರ ಪೇಟೆಬೀದಿಯ ಬೀಜ-ಗೊಬ್ಬರದ ಅಂಗಡಿಗೆ ಹೋದೆ. ಬಾಗಿಲಲ್ಲಿ ಬೆಂಕಿ ಆರಿಸುವ ಸ್ವಯಂಸೇವಕರು ಎಂದಿನಂತೆ ಸಾಸೇಜು ಸುಟ್ಟು ಬ್ರೆಡ್ಡಿನಲ್ಲಿ ಸುತ್ತಿ ಮಾರುತ್ತಿದ್ದರು, ಹಾಗಾಗಿ ಅರ್ಧ ಊರು ಅಲ್ಲೇ ಇತ್ತು. ಅಂಗಡಿಯ ರೋವೀನ ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು ವಿಚಾರಣೆ ಶುರುಮಾಡಿದಳು.

"ಬಿಸಿಲಾ, ನೆರಳಾ?"

"ನೆರಳು."

"ಎಷ್ಟು ನೆರಳು? ನಿಂತು ಪೇಪರ್ ಓದಬಹುದಾ?"

"ತಲೆಬರಹ ಓದಬಹುದು. ಸಾವಿನ ಸುದ್ದಿ ಓದೋಕೆ ಕನ್ನಡಕ ಬೇಕು."

"ಎಲೆ ಉದುರೋ ಮರಾನಾ?"

"ಓಕ್."

"ಮರದ ಕೆಳಗಿನ ಕೊಂಬೆ ಸವರಿಸಿ, ಬೆಳಕು ಬರುತ್ತೆ."

"ಮುಟ್ಟಂಗಿಲ್ಲ. ಗ್ಲೆನಿಸ್ ಹುಟ್ಟಿದಾಗ ಅವಳಪ್ಪ ನೆಟ್ಟಿದ್ದು, ಆಗ ಆ ಮನೆ ಅವರದ್ದೇ. ಕೊಂಬೆಗೆ ಗರಗಸ ಇಟ್ರೆ ಮನೆಯಲ್ಲಿ ನನಗೆ ಅನ್ನ ನೀರು ಇಲ್ಲ."

"ಹೋಗಲಿ. ಹುಲ್ಲಿನ ಮೇಲೆ ಜನ ಓಡಾಡ್ತಾರಾ?"

"ಮೇಲೆ ಯಾರೂ ಇಲ್ಲ. ಕೆಳಗೆ ಒಬ್ಬರಿದಾರೆ."

ರೋವೀನ ಪೆನ್ಸಿಲು ಕೆಳಗಿಟ್ಟಳು. "ಕ್ಲಾರಿನಾ?" ಎಂದಳು ಮೆಲ್ಲಗೆ. ಸಾಲಿನಲ್ಲಿ ನನ್ನ ಹಿಂದಿದ್ದವರು ಟೋಪಿ ತೆಗೆದರು. ಸಾಸೇಜು ತಿನ್ನುತ್ತಿದ್ದವನೊಬ್ಬ ಅಗಿಯುವುದನ್ನು ನಿಲ್ಲಿಸಿದ. ಒಂದು ನಿಮಿಷ ಅಂಗಡಿ ಚರ್ಚಿನ ಹಾಗಾಯಿತು. ಆಮೇಲೆ ಎಲ್ಲರೂ ಒಟ್ಟಿಗೇ ಬುದ್ಧಿ ಹೇಳಲು ಶುರುಮಾಡಿದರು.

ಕೂಚ್ ಹುಲ್ಲು ಹಾಕು ಎಂದ ಒಬ್ಬ. ಅದಕ್ಕೆ ಬಿಸಿಲು ಬೇಕು ಕಣೋ, ನೆರಳಲ್ಲಿ ಅದು ಅನಾಥ ಎಂದ ಇನ್ನೊಬ್ಬ. ನಮ್ಮ ಪಕ್ಕದ ಮನೆ ಡಗ್ಗಿ ಕಿಕುಯು ಹುಲ್ಲಿನ ಪರ ನಿಂತ. "ಕಿಕುಯು ಮರದ ಕೆಳಗೂ ಬರುತ್ತೆ," ಎಂದ. "ಮರದ ಮೇಲೂ ಬರುತ್ತೆ, ನಿಮ್ಮ ಮಂಚದ ಕೆಳಗೂ ಬರುತ್ತೆ," ಎಂದಳು ರೋವೀನ. ರೈ ಹುಲ್ಲು ವಾರದಲ್ಲಿ ಮೊಳೆಯುತ್ತದಂತೆ, ಕ್ರಿಸ್‌ಮಸ್ ಹೊತ್ತಿಗೆ ಸಾಯುತ್ತದಂತೆ. ಬಫಲೋ ಎನ್ನುವುದು ಬೀಜದಲ್ಲಿ ಬರುವುದಿಲ್ಲ, ಸುರುಳಿ ಸುತ್ತಿ ಬರುತ್ತದೆ ಎಂದಾಗ ನನ್ನ ಎದೆ ಝಲ್ಲೆಂದಿತು. ಸುರುಳಿ! ಜೀವಮಾನವಿಡೀ ಹೆಗಲ ಮೇಲೆ ಹೊತ್ತದ್ದು! ಆದರೆ ಹಿಂದಿನಿಂದ ಯಾರೋ, "ಕ್ಲಾರಿ ಮೇಲೆ ಬಫಲೋನಾ? ಅಷ್ಟು ಒರಟು ಎಲೆ? ಅವನ ಮೇಲೆ ಗೋಣಿಚೀಲ ಹೊದಿಸಿದ ಹಾಗೆ," ಎಂದರು. ಮತ್ತೆ ಎಲ್ಲರೂ ಟೋಪಿ ತೆಗೆದರು.

ಕೊನೆಗೆ ರೋವೀನ ಒಳಗಿನಿಂದ ಒಂದು ಡಬ್ಬ ತಂದು ಅಂಗೈಗೆ ಬೀಜ ಸುರಿದಳು. "ಫೆಸ್ಕ್ಯೂ. ಸಣ್ಣ ಎಲೆ, ನಾಚಿಕೆ ಸ್ವಭಾವ. ನೆರಳಲ್ಲಿ ಇರು ಅಂದ್ರೆ ಇರುತ್ತೆ. ಆದರೆ ನಿಧಾನ. ನಿಮಗೆ ತಾಳ್ಮೆ ಇರಬೇಕು."

ನಾನು ಬೀಜವನ್ನು ಬೆರಳ ನಡುವೆ ತಿಕ್ಕಿ, ಬೆಳಕಿಗೆ ಹಿಡಿದೆ. "ಎಳೆ ಎಷ್ಟು ದಟ್ಟ ಬರುತ್ತೆ? ತುಳಿದ್ರೆ ಮತ್ತೆ ಎದ್ದು ನಿಲ್ಲುತ್ತಾ? ಬಣ್ಣ ಮಾಸುತ್ತಾ?"

"ನೆವಿಲ್," ಎಂದಳು ರೋವೀನ, "ಇದು ಹುಲ್ಲು. ಅದಕ್ಕೆ ಹಿಂಬದಿ ಸೆಣಬಿನ ಬಟ್ಟೆ ಇರಲ್ಲ."

ಒಂದು ಚೀಲ ಫೆಸ್ಕ್ಯೂ ಕೊಂಡೆ. ಇಂದಿಗೂ ಹೇಳುತ್ತೇನೆ, ಆಯ್ಕೆಯಲ್ಲಿ ನಾನು ತಪ್ಪಲಿಲ್ಲ. ಊರಿಗೆ ಊರೇ ಸಾಕ್ಷಿ.

ಚೀಲದ ಮೇಲೆ ಮೊದಲ ಸೂಚನೆ ಹೀಗಿತ್ತು: ನೆಲವನ್ನು ಗೇಣುದ್ದ ಅಗೆದು ಸಡಿಲಿಸಿ. ನಾನು ಗುದ್ದಲಿ ಹಿಡಿದು ಓಕ್ ಮರದ ಕೆಳಗೆ ನಿಂತೆ. ಅಡುಗೆಮನೆಯ ಕಿಟಕಿ ದಢಾರನೆ ತೆರೆಯಿತು.

"ನೆವಿಲ್! ಏನು ಮಾಡ್ತಿದೀಯ?"

"ಅಗೀತಿದೀನಿ."

"ಯಾರನ್ನ?"

ಗುದ್ದಲಿ ಇಳಿಸಿದೆ. ಅಗೆಯುವಂತಿಲ್ಲ. ಹಾಗೇ ಮೇಲೆಯೇ ಬಿತ್ತಿದೆ, ನೀರು ಚಿಮುಕಿಸಿದೆ. ಮಾರನೆಯ ಬೆಳಗ್ಗೆ ನೋಡಿದರೆ ನೆಲ ಕಾಣಿಸುತ್ತಿಲ್ಲ. ಊರಿನ ಗಲಾ ಗಿಣಿಗಳೆಲ್ಲ ಗುಲಾಬಿ ಎದೆ ಉಬ್ಬಿಸಿಕೊಂಡು ನಮ್ಮ ಹಿತ್ತಲಲ್ಲಿ ಪಂಕ್ತಿಭೋಜನಕ್ಕೆ ಕೂತಿವೆ. ನಾನು ಬಡಗೋಲು ಬೀಸಿದೆ. ಅವು ಒಂದು ಹೆಜ್ಜೆ ಸರಿದು ಕೂತವು. ಕೂಗಿದೆ, ಅವೂ ಕೂಗಿದವು, ನನಗಿಂತ ಚೆನ್ನಾಗಿ. ಡಗ್ಗಿ ಬೇಲಿಯ ಮೇಲಿಂದ ಇಣುಕಿ, "ತಾಳ್ಮೆ ಬೇಕು ಅಂತ ರೋವೀನ ಹೇಳಿದ್ಳಲ್ಲಾ," ಎಂದ. ಅವನ ಹಲ್ಲು ಉದುರಿಸುವ ಆಸೆಯನ್ನು ಮಾವನವರ ಸನ್ನಿಧಿ ಎಂದು ನುಂಗಿಕೊಂಡೆ.

ಮತ್ತೆ ರೋವೀನಳ ಹತ್ತಿರ ಹೋದೆ. ಅಗೆಯಲು ಆಗದಿದ್ದರೆ ಮೇಲೆ ಒಂದು ಪದರ ಒಳ್ಳೆಯ ಮಣ್ಣು ಹರಡಿ, ಅದರೊಳಗೆ ಬೀಜ ಬೆರೆಸಿ, ಬಲೆ ಹೊದಿಸಿ ಎಂದಳು. ಒಳ್ಳೆಯ ಮಣ್ಣು! ಆಗ ನನ್ನ ತಲೆಯಲ್ಲಿ ದೀಪ ಹತ್ತಿತು. ಬೌಲ್ಸ್ ಕ್ಲಬ್ಬಿನ ಹಿಂದೆ, ಮಾವನವರ ಹಳೆಯ ಶೆಡ್ಡಿನ ಮಗ್ಗುಲಲ್ಲಿ ಒಂದು ರಾಶಿ ಇದೆ. ಕಪ್ಪಗೆ, ಕ್ರಿಸ್‌ಮಸ್ ಕೇಕಿನ ಹಾಗೆ ಪುಡಿಪುಡಿಯಾದ ಮಣ್ಣು. ಮಾವನವರು ವರ್ಷಾನುಗಟ್ಟಲೆ ತಳ್ಳುಗಾಡಿಯಲ್ಲಿ ತಂದು ತಂದು ಸುರಿದು ಕೊಳೆಸಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ಕಾರಿಗೆ ಟ್ರೇಲರ್ ಕಟ್ಟಿಕೊಂಡು ಹೋಗಿ ತುಂಬಿಕೊಂಡು ಬಂದೆ. ಕ್ಲಬ್ಬಿನಲ್ಲಿ ಯಾರೂ ಇರಲಿಲ್ಲ. ಯಾರನ್ನು ಕೇಳುವುದು? ಮಾವನ ಮಣ್ಣು ಅಳಿಯನ ಸ್ವತ್ತು.

ಗ್ಲೆನಿಸ್ ಟ್ರೇಲರಿನ ಪಕ್ಕ ನಿಂತು ಒಂದು ಹಿಡಿ ಎತ್ತಿಕೊಂಡಳು.

"ಅಪ್ಪನ ರಾಶೀದಾ?"

"ಹೂಂ. ಅವರು ಮಾಡಿದ ಮಣ್ಣಲ್ಲೇ ಅವರ ಹುಲ್ಲು ಬರಲಿ ಅಂತ."

ಅವಳ ಕಣ್ಣು ತುಂಬಿತು. "ಮದುವೆಯಾದಾಗಿನಿಂದ ನಿನಗೆ ಬಂದ ಒಂದೇ ಒಂದು ಒಳ್ಳೇ ಯೋಚನೆ ಇದು ಕಣೋ," ಎಂದು ನನ್ನ ಕೆನ್ನೆಗೆ ಮುತ್ತಿಟ್ಟಳು. ನನ್ನ ಹಣೆಯ ಮೇಲೆ ಕಿರೀಟ ಇಟ್ಟ ಹಾಗಾಯಿತು.

ಹರಡಿದೆ, ಬೆರೆಸಿದೆ, ಗ್ಲೆನಿಸಳ ಹಳೆಯ ಪರದೆಯ ಬಲೆ ಹೊದಿಸಿದೆ. ಅಷ್ಟರಲ್ಲಿ ಓಕ್ ಮರ ತನ್ನ ಎಲೆಗಳನ್ನೆಲ್ಲ ನನ್ನ ಮೇಲೇ ಸುರಿಯಲು ತೀರ್ಮಾನಿಸಿತು. ಎಲೆ ಕೂತರೆ ಮೊಳಕೆ ಉಸಿರುಕಟ್ಟಿ ಸಾಯುತ್ತದೆ. ಕುಂಟೆ ಎಳೆದರೆ ಬೇರು ಕಿತ್ತು ಬರುತ್ತದೆ. ಒಂದೊಂದೇ ಎಲೆಯನ್ನು ಕೈಯಲ್ಲಿ ಆರಿಸಬೇಕು. ಮೊಣಕಾಲೂರಿ, ಬಗ್ಗಿ, ಉಸಿರು ಬಿಗಿಹಿಡಿದು ಆರಿಸುತ್ತಿದ್ದೆ. ಬೀದಿಯಲ್ಲಿ ಹೋಗುವವರು ನೋಡಿ, ಪಾಪ, ಮಾವನ ಮೇಲೆ ಎಷ್ಟು ಭಕ್ತಿ, ದಿನಾ ಪ್ರಾರ್ಥನೆ ಮಾಡ್ತಾನೆ ಎಂದು ಮಾತಾಡಿಕೊಂಡರಂತೆ. ನಾನು ತಿದ್ದಲು ಹೋಗಲಿಲ್ಲ.

ಆದರೂ ಹುಲ್ಲು ಬರಲಿಲ್ಲ. ಚಳಿ ಶುರುವಾಯಿತು. ಒಂದು ದಿನ ಮನಸ್ಸು ತಡೆಯದೆ, ಈಗ ಬೇರೆಯವರು ನಡೆಸುತ್ತಿರುವ ನನ್ನ ಹಳೆಯ ಅಂಗಡಿಗೆ ಹೋಗಿ ಒಂದು ತುಂಡು ಪ್ಲಾಸ್ಟಿಕ್ ಹುಲ್ಲು ತಂದು ಕಾರಿನ ಶೆಡ್ಡಿನಲ್ಲಿ ಅಡಗಿಸಿಟ್ಟೆ. ಒಳ್ಳೇ ಮಾಲು, ಮಾಸುವುದಿಲ್ಲ, ನೀರು ಬೇಡ. ಗ್ಲೆನಿಸಳ ಕಣ್ಣಿಗೆ ಅದು ಅದೇ ಸಂಜೆ ಬಿತ್ತು.

"ಇದೇನಿದು?"

"ಮಾದರಿ."

"ಅಪ್ಪನ ಮೇಲೆ ಪ್ಲಾಸ್ಟಿಕ್ಕಾ?"

"ದೂರದಿಂದ ನೋಡಿದ್ರೆ ಗೊತ್ತಾಗಲ್ಲ."

"ಎತ್ತಿಟ್ಟಿರು. ನೀನು ಹೋದ ಮೇಲೆ ನಿನಗೆ ಹೊದಿಸ್ತೀನಿ. ದೂರದಿಂದಲೇ ನೋಡ್ತೀನಿ."

ಆ ಮಾತಾದ ವಾರವೇ ಅದು ಬಂತು. ಬೆಳಗಿನ ಮಂಜಿನಲ್ಲಿ ಎಲೆ ಆರಿಸಲು ಹೋದವನು ಬಲೆಯ ಕಣ್ಣುಗಳಿಂದ ಸೂಜಿಮೊನೆಯಂಥ ಹಸಿರು ಹೊರಗೆ ಇಣುಕುವುದನ್ನು ಕಂಡೆ. ಚಡ್ಡಿ ಒದ್ದೆಯಾಗಿದ್ದು ಲೆಕ್ಕಿಸದೆ ಅಲ್ಲೇ ಕೂತುಬಿಟ್ಟೆ. ಗ್ಲೆನಿಸ್ ರಾತ್ರಿ ಉಡುಪಿನಲ್ಲೇ ಓಡಿ ಬಂದಳು. ಇಬ್ಬರೂ ಕೈ ಕೈ ಹಿಡಿದುಕೊಂಡು, ಹೊಸದಾಗಿ ಹೆತ್ತವರ ಹಾಗೆ ನೋಡಿದೆವು. ಆಮೇಲೆ ಅದರ ಬೆಳವಣಿಗೆ ಏನು ಹೇಳಲಿ! ರೋವೀನ ನಿಧಾನ ಅಂದಿದ್ದಳು; ಇದು ನೋಡನೋಡುತ್ತಾ ಹಬ್ಬಿತು. ಎಲ್ಲರ ಲಾನುಗಳು ಚಳಿಗೆ ಕಂದುಬಣ್ಣವಾಗಿರುವಾಗ ಮಾವನವರ ಮೇಲೆ ಎಳೆ ಬಟಾಣಿ ಬಣ್ಣದ ದಟ್ಟ ಹಾಸು. ಡಗ್ಗಿಯನ್ನು ಬೇಲಿಯ ಬಳಿ ಕರೆದು ತೋರಿಸಿದೆ. ಅಂಚೆಯವನಿಗೆ ತೋರಿಸಿದೆ. ಮೀಟರು ನೋಡಲು ಬಂದವನಿಗೂ ತೋರಿಸಿದೆ. ಅತ್ತೆಗೆ ಮಾತ್ರ ಇಲ್ಲ. ಭಾನುವಾರಗಳಲ್ಲಿ ಆ ಕಿಟಕಿಯ ಪರದೆ ಇಳಿಸಿ, "ಸೆಪ್ಟೆಂಬರಿನವರೆಗೆ ಕಾಯಿರಿ ಅತ್ತೆ," ಎನ್ನುತ್ತಿದ್ದೆ.

ಆದರೆ ಆಗಸ್ಟಿನಲ್ಲಿ ಅತ್ತೆಯ ಎದೆ ಕೈಕೊಟ್ಟಿತು. ಆಂಬುಲೆನ್ಸು ಬಂತು. ಆಸ್ಪತ್ರೆಯ ಮಂಚದ ಮೇಲೆ ಮೂಗಿಗೆ ಕೊಳವೆ ಹಾಕಿಸಿಕೊಂಡು ಮಲಗಿದ್ದ ಅತ್ತೆ ದಿಂಬಿನಷ್ಟೇ ಬೆಳ್ಳಗೆ ಕಂಡರು. ಡಾಕ್ಟರು ಗ್ಲೆನಿಸಳನ್ನು ಪಡಸಾಲೆಗೆ ಕರೆದುಕೊಂಡು ಹೋಗಿ ಏನೋ ಹೇಳಿದರು. ಅವಳು ಮುಖ ತೊಳೆದುಕೊಂಡು ಒಳಗೆ ಬಂದಳು.

"ಸೆಪ್ಟೆಂಬರ್ ಬಂತಾ?" ಎಂದರು ಅತ್ತೆ.

"ಇನ್ನೇನು ಬರುತ್ತೆ ಅಮ್ಮ."

"ಇವನ ಹುಲ್ಲು?"

ನಾನು ಮುಂದೆ ಬಗ್ಗಿದೆ. "ಬಂದಿದೆ ಅತ್ತೆ. ಸೊಂಪಾಗಿ ಬಂದಿದೆ. ಒಂದು ಚೂರೂ ಮಣ್ಣು ಕಾಣಲ್ಲ."

ಅತ್ತೆ ಕಣ್ಣು ಮುಚ್ಚಿದರು. "ಹಾಗಾದ್ರೆ ಸರಿ," ಎಂದರು. "ನೋಡಿ ಹೋಗ್ತೀನಿ." ಆ 'ಹೋಗ್ತೀನಿ' ಕೇಳಿ ನಾನು ಅವರ ಹೊದಿಕೆಯ ಮೂಲೆ ಸರಿಮಾಡಿದೆ. ನನ್ನನ್ನು ಒಂದು ದಿನವೂ ಹೊಗಳದ ಹೆಂಗಸು, ಆದರೂ ಆ ಕುರ್ಚಿ ಖಾಲಿಯಾಗುವ ಭಾನುವಾರವನ್ನು ನೆನೆಸಿಕೊಳ್ಳಲು ನನಗೆ ಆಗಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಗ್ಲೆನಿಸ್ ಅತ್ತಳು, ನಾನು ಕಾರು ನಡೆಸಿದೆ.

ಮಾವನವರ ದಿನ ಬಂತು. ಅತ್ತೆಯನ್ನು ಆಸ್ಪತ್ರೆಯಿಂದ ಗಾಲಿಕುರ್ಚಿಯಲ್ಲಿ ಕರೆತಂದೆವು. ಮಾವನವರ ನಂತರ ಗ್ರೀನ್ ನೋಡಿಕೊಳ್ಳುತ್ತಿರುವ ಆರ್ಚಿ, ಇನ್ನಿಬ್ಬರು ಹಿರಿಯ ಆಟಗಾರರನ್ನು ಜೊತೆ ಮಾಡಿಕೊಂಡು ಬಂದಿದ್ದ. ಮೂವರೂ ಇಸ್ತ್ರಿ ಮಾಡಿದ ಬಿಳಿ ಬಟ್ಟೆಯಲ್ಲಿದ್ದರು. ಗ್ಲೆನಿಸ್ ಚಹಾ, ತೆಂಗಿನತುರಿ ಉದುರಿಸಿದ ಚಾಕೊಲೇಟು ಕೇಕು ಎಲ್ಲ ಇಟ್ಟಿದ್ದಳು. ನಾನು ಮದುವೆಯ ಸೂಟು ಹಾಕಿದ್ದೆ (ಗುಂಡಿ ಹಾಕಿರಲಿಲ್ಲ, ಈಗಿನ ಹೊಟ್ಟೆಗೆ ಹಾಕಲು ಆಗುವುದೂ ಇಲ್ಲ). ಬಲೆ ತೆಗೆದೆ. ಹಿಂದಿನ ವಾರವಷ್ಟೇ ಹುಲ್ಲಿನ ತುಂಬ ಬೆಳ್ಳನೆಯ ಪುಟ್ಟ ಪುಟ್ಟ ತೆನೆ ಬಂದಿತ್ತು. ಬೆಳಗಿನ ಗಾಳಿಗೆ ಅಲ್ಲಾಡುತ್ತಿತ್ತು. ದೇವರಾಣೆ, ಅಷ್ಟು ಚೆಂದದ ಹಾಸನ್ನು ನಾನು ನನ್ನ ಜನ್ಮದಲ್ಲಿ ಹಾಸಿರಲಿಲ್ಲ.

"ಹಿರಿಯರೇ," ಎಂದೆ, "ಈ ನೆರಳಿನಲ್ಲಿ ಏನೂ ಬೆಳೆಯುವುದಿಲ್ಲ ಎಂದು ಒಬ್ಬ ಮಹನೀಯರು ಹೇಳಿದ್ದರು. ಅವರು ಮಲಗಿರುವ ಜಾಗದಲ್ಲೇ ಇಂದು ಈ ಹಸಿರು ಕಂಗೊಳಿಸುತ್ತಿದೆ. ಹೂ ಕೂಡ ಬಿಟ್ಟಿದೆ."

ಆರ್ಚಿ ನಿಧಾನವಾಗಿ ಟೋಪಿ ತೆಗೆದ. ಉಳಿದಿಬ್ಬರೂ ತೆಗೆದರು. ಒಬ್ಬರಂತೂ ಮುಖ ಆಚೆ ತಿರುಗಿಸಿಕೊಂಡರು. ಕಣ್ಣೀರು ಎಂದುಕೊಂಡೆ. ಇಂಥ ಗೌರವ ಪುರಸಭೆಯ ಮೆಟ್ಟಿಲಿಗೂ ಸಿಕ್ಕಿರಲಿಲ್ಲ.

"ಗ್ಲೆನಿಸ್," ಎಂದರು ಅತ್ತೆ, "ನನ್ನ ಕೆಳಗೆ ಕೂರಿಸು."

"ಅಮ್ಮ, ಒದ್ದೆ ಇದೆ."

"ಕೂರಿಸು ಅಂದ್ನಲ್ಲಾ."

ಕಂಬಳಿ ಹಾಸಿ ಕೂರಿಸಿದೆವು. ಅತ್ತೆ ಅಂಗೈಯಿಂದ ಹುಲ್ಲನ್ನು ಸವರಿದರು. ಒಂದು ಗೊಂಚಲನ್ನು ಬೇರು ಸಮೇತ ಮೆತ್ತಗೆ ಎತ್ತಿ, ಮಣ್ಣು ಝಾಡಿಸಿ, ಕಣ್ಣಿನ ಹತ್ತಿರ ಹಿಡಿದರು.

"ಆರ್ಚಿ, ನೋಡಿದ್ಯಾ?"

"ನೋಡ್ದೆ ಥೆಲ್ಮಾ."

"ಅದೇ ತಾನೆ?"

"ಅದೇ."

"ಏನು ಅದೇ?" ಎಂದೆ ನಾನು. ಆರ್ಚಿ ನನ್ನ ಹೆಗಲ ಮೇಲೆ ಕೈಯಿಟ್ಟ. ಸಾವಿನ ಸುದ್ದಿ ತಿಳಿಸುವವರ ಕೈ ಹಾಗೇ ಇರುತ್ತದೆ.

"ಚಳಿಹುಲ್ಲು ಕಣಯ್ಯಾ ನೆವಿಲ್. ಕಳೆ. ಚಳಿಗಾಲದಲ್ಲಿ ಏಳುತ್ತೆ, ವಸಂತದಲ್ಲಿ ಬಿಳೀ ತೆನೆ ಬಿಡುತ್ತೆ, ಬಿಸಿಲು ಬಿದ್ದ ಕೂಡಲೇ ಬೀಜ ಚೆಲ್ಲಿ ಸಾಯುತ್ತೆ. ನ್ಯೂ ಇಯರ್ ಹೊತ್ತಿಗೆ ಇಲ್ಲಿ ಮತ್ತೆ ಮಣ್ಣೇ. ಮುಂದಿನ ಚಳಿಗೆ ಆ ಬೀಜವೆಲ್ಲ ಮತ್ತೆ ಏಳುತ್ತೆ. ಗ್ರೀನ್‌ಗೆ ಬಂತು ಅಂದ್ರೆ ಚೆಂಡು ನೆಟ್ಟಗೆ ಓಡಲ್ಲ. ಕ್ಲಾರಿ ತನ್ನ ಆಯಸ್ಸೆಲ್ಲ ಹೊಡೆದಾಡಿದ್ದು ಇದೊಂದರ ಜೊತೆ."

"ಹನಿಮೂನಿಗೆ ಹೋದಾಗಲೂ," ಎಂದರು ಅತ್ತೆ ಗೊಂಚಲನ್ನೇ ನೋಡುತ್ತಾ, "ಹೋಟೆಲಿನ ಅಂಗಳದಲ್ಲಿ ಕೂತು ಇದನ್ನೇ ಕೀಳ್ತಿದ್ದ."

"ಆದರೆ ನಾನು ಬಿತ್ತಿದ್ದು ಫೆಸ್ಕ್ಯೂ! ರೋವೀನಳನ್ನ ಕೇಳಿ!"

"ಅದೂ ಇದೆ," ಎಂದು ಅತ್ತೆ ಬೆರಳಿನಿಂದ ಹುಲ್ಲು ಬಿಡಿಸಿ ತೋರಿಸಿದರು. ಅಡಿಯಲ್ಲಿ, ಅಲ್ಲೊಂದು ಇಲ್ಲೊಂದು, ಕೂದಲಿನಷ್ಟು ತೆಳ್ಳಗೆ, ಹೆದರಿಕೊಂಡು ನಿಂತಿತ್ತು. "ಮಣ್ಣು ಎಲ್ಲಿಂದ ತಂದೆ ನೀನು?"

"ಮಾವನವರ ರಾಶಿಯಿಂದ. ಶೆಡ್ಡಿನ ಹಿಂದಿನದು. ಅವರೇ ಕೈಯಾರೆ ತಂದು ಸುರೀತಿದ್ರಲ್ಲ..."

ಆರ್ಚಿ ಟೋಪಿಯಿಂದ ಮುಖ ಮುಚ್ಚಿಕೊಂಡ. ಟೋಪಿಯೊಳಗಿಂದಲೇ ಹೇಳಿದ, "ಏನು ಸುರೀತಿದ್ದ ಅಂತ ಕೇಳಿದ್ಯಾ? ಗ್ರೀನ್‌ನಿಂದ ಕಿತ್ತ ಚಳಿಹುಲ್ಲು ಪೂರ್ತಿ ಅಲ್ಲಿಗೇ ಕಣಯ್ಯಾ. ಮೂವತ್ತು ವರ್ಷದ್ದು. ಬೀಜ ಸಮೇತ."

ಗ್ಲೆನಿಸ್ ನನ್ನನ್ನು ನೋಡಿದಳು. ಕೆನ್ನೆಯ ಮೇಲಿನ ಮುತ್ತನ್ನು ವಾಪಸು ಕೇಳುವ ನೋಟ ಅದು. ನಾನು ನೆಲ ಬಾಯಿಬಿಡಲಿ ಎಂದು ಬೇಡಿಕೊಂಡೆ. ಆದರೆ ಅಲ್ಲಿ ಮಾವನವರಿದ್ದಾರೆ, ಅದಕ್ಕೂ ಧೈರ್ಯ ಸಾಲದು. ಒಬ್ಬ ಮನುಷ್ಯ ಜೀವಮಾನವೆಲ್ಲ ಮೊಣಕಾಲೂರಿ ಕಿತ್ತ ಶತ್ರುವನ್ನು, ಅಷ್ಟನ್ನೂ ಹೊತ್ತು ತಂದು ಅವರ ಎದೆಯ ಮೇಲೆ ಬಿತ್ತಿ, ನೀರು ಹಾಕಿ, ಎಲೆ ಆರಿಸಿ ಸಾಕಿದ್ದೆ. ಸಾಯುವ ಹೆಂಗಸಿಗೆ ಕೊನೆಯ ದರ್ಶನ ಎಂದು ಅದನ್ನೇ ತೋರಿಸಿದ್ದೆ.

ಅತ್ತೆಯ ಭುಜ ನಡುಗತೊಡಗಿತು. "ಅಮ್ಮ!" ಎಂದು ಗ್ಲೆನಿಸ್ ಕೂಗಿದಳು. ಅತ್ತೆ ಅಳುತ್ತಿರಲಿಲ್ಲ. ಮಾವನವರು ಹೋದ ದಿನದಿಂದ ಒಮ್ಮೆಯೂ ನಗದ ಅತ್ತೆ ಹುಲ್ಲಿನ ಮೇಲೆ ಕೈಯೂರಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಕ್ಲಾರಿ," ಎಂದರು ನೆಲಕ್ಕೆ, "ನೋಡೋ ನಿನ್ನ ಅಳಿಯನ್ನ." ಮತ್ತೆ ನಕ್ಕರು. ಆರ್ಚಿ ನಕ್ಕ. ಬಿಳಿ ಬಟ್ಟೆಯವರೆಲ್ಲ ನಕ್ಕರು. ಬೇಲಿಯಾಚೆ ಡಗ್ಗಿ ಕೂಡ ನಕ್ಕಿದ್ದು ನನಗೆ ಕೇಳಿಸಿತು.

ನಗು ನಿಂತ ಮೇಲೆ ಅತ್ತೆ ಕಣ್ಣೊರೆಸಿಕೊಂಡು, ಬೇರೆಯೇ ದನಿಯಲ್ಲಿ ಹೇಳಿದರು, "ಗ್ಲೆನಿಸ್, ಒಂದು ಚಾಕು ತಾ. ಇದನ್ನ ಹೀಗೇ ಬಿಟ್ಟು ನಾನು ಎಲ್ಲಿಗೂ ಹೋಗೋ ಹಾಗಿಲ್ಲ."

ಅಂದಿನಿಂದ ಅತ್ತೆ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿದ್ದಾರೆ. ಬೆಳಗಿನ ಚಹಾ ಮುಗಿಯುವುದೇ ತಡ, ಬೆತ್ತದ ಕುರ್ಚಿ ಓಕ್ ಮರದ ಕೆಳಗೆ ಬರುತ್ತದೆ. ಅವರು ಕಂಬಳಿ ಹೊದ್ದು ಮೇಲೆ, ನಾನು ಅಡುಗೆಮನೆಯ ಚಾಕು ಹಿಡಿದು ಕೆಳಗೆ. "ಎಡಕ್ಕೆ. ಅದಲ್ಲ, ಅದು ಒಳ್ಳೇದು. ಪಕ್ಕದ್ದು. ಬೇರು ತುಂಡಾಯ್ತು, ಇನ್ನೊಂದು ಸಲ. ಕಾರ್ಪೆಟ್ ಕಿತ್ತ ಹಾಗೆ ಕೀಳಬೇಡ." ಕಾರ್ಪೆಟ್ಟಿನಲ್ಲಿ ಅರ್ಧ ಸವೆದಿದ್ದ ನನ್ನ ಮೊಣಕಾಲು ಈಗ ಪೂರ್ತಿ ಸವೆಯುತ್ತಿದೆ. ಮೊನ್ನೆ ಡಾಕ್ಟರು ಅತ್ತೆಯ ಎದೆಗೆ ಕೊಳವೆಯಿಟ್ಟು, ಬೇಗನೇ ತೆಗೆದು, ಏನು ಮಾಡ್ತಿದೀರಿ ಅಜ್ಜಿ, ಬಣ್ಣ ಬಂದಿದೆಯಲ್ಲ ಎಂದರು. "ಕೆಲಸ ಇದೆ," ಎಂದರು ಅತ್ತೆ. ಡಾಕ್ಟರು ನನ್ನ ಮೊಣಕಾಲಿಗೆ ಮಾತ್ರೆ ಬರೆದುಕೊಟ್ಟರು.

ಹಾಗೆ ಕಿತ್ತು ಕಿತ್ತು ಈ ವಾರ ಚಳಿಹುಲ್ಲು ಮುಗಿಯುತ್ತಾ ಬಂತು. ನಿನ್ನೆ ಗ್ಲೆನಿಸ್ ಅಡುಗೆಮನೆಯಲ್ಲಿ ನನ್ನ ತೋಳು ಹಿಡಿದು ನಿಲ್ಲಿಸಿದಳು. ಹಿತ್ತಲ ಕಡೆ ನೋಡಿ ದನಿ ತಗ್ಗಿಸಿದಳು. "ಎಲ್ಲಾ ಕಿತ್ತುಬಿಡಬೇಡ ಕಣೋ. ಕೆಲಸ ಮುಗೀತು ಅಂತ ಅಮ್ಮನಿಗೆ ಅನ್ನಿಸಬಾರದು." ನಾನು ತಲೆಯಾಡಿಸಿದೆ.

ಇವತ್ತು ಮರದ ಬುಡದಲ್ಲಿ, ಎರಡು ಬೇರುಗಳ ಸಂದಿಯಲ್ಲಿ, ತೆನೆ ತುಂಬಿದ ಒಂದು ಗೊಂಚಲನ್ನು ಹಾಗೇ ಬಿಟ್ಟೆ. ಅದರ ಮೇಲೆ ಒಂದು ಒಣಗಿದೆಲೆಯನ್ನೂ ಮುಚ್ಚಿ, ಚಾಕು ಒರೆಸಿಕೊಂಡು ಎದ್ದೆ.

"ಅಲ್ಲೊಂದು ಉಳಿದಿದೆ," ಎಂದರು ಅತ್ತೆ.

ಸಿಕ್ಕಿಬಿದ್ದ ಕಳ್ಳನ ಹಾಗೆ ನಿಂತೆ. "ಕಾಣಲಿಲ್ಲ ಅತ್ತೆ. ಕೀಳ್ತೀನಿ, ಈಗಲೇ ಕೀಳ್ತೀನಿ."

ಅತ್ತೆ ಒಂದು ಕ್ಷಣ ಅಡುಗೆಮನೆಯ ಕಿಟಕಿಯ ಕಡೆ ನೋಡಿದರು. ಆಮೇಲೆ ಕಂಬಳಿಯನ್ನು ಕತ್ತಿನವರೆಗೆ ಎಳೆದುಕೊಂಡರು.

"ಈಗ ಬೇಡ," ಎಂದರು. "ಬೀಜ ಉದುರಿದ ಮೇಲೆ ಕೀಳು."